ಸವಾಲಿನ ಗುರುಶಾಂತ ಮೌನಕ್ಕೆ ಕೂತದ್ದು

ಅಫಜಲಪುರದ ಕಾಯಿಪಲ್ಯ ಮಾರ್ಕೆಟ್ಟಿನಲ್ಲಿ ದಿನಾ ಬೆಳಿಗ್ಗೆ ಹರಾಜಿನ ಸವಾಲು ಕೂಗುವ ಗುರುಶಾಂತ ಒಂದು ಇಡೀ ಶ್ರಾವಣ ಬಾಯಿ ಬಿಡದೆ ಕೂತಿದ್ದ ಎಂದರೆ ಪರ ಊರಿನವರು ನಗುತ್ತಾರೆ. ನಗಲಿ. ನಾನು ಅವನ ಪಕ್ಕದ ಮನೆಯವನು. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ಗೋಡೆ, ಅದೂ ಅರ್ಧಕ್ಕೆ ನಿಂತದ್ದು. ಅವನ ಮನೆಯಲ್ಲಿ ಒಗ್ಗರಣೆ ಹಾಕಿದರೆ ನನ್ನ ಮನೆಯಲ್ಲಿ ಸೀನು ಬರುತ್ತದೆ. ಆದ್ದರಿಂದ ನಾನು ಹೇಳುವುದನ್ನು ನಂಬಬೇಕು.

ದೊಡ್ಡಪ್ಪ ಸಾಹುಕಾರರ ಅಡತಿ ಅಂಗಡಿಯಲ್ಲಿ ಅವನ ಕೆಲಸ. ರೈತರು ತಂದಿಟ್ಟ ಬದನೆಕಾಯಿ, ಹೀರೆಕಾಯಿ, ಚವಳಿಕಾಯಿ ಪುಟ್ಟಿಗಳ ಮುಂದೆ ನಿಂತು, ಕೊಳ್ಳುವವರ ಕಣ್ಣು ನೋಡುತ್ತ, ಒಂದೇ ಉಸಿರಿಗೆ ಧಾರಣೆ ಏರಿಸುತ್ತ ಕೂಗಬೇಕು. ಅವನು ಕೂಗಿದರೆ ಭೀಮಾ ನದಿಯ ಆಚೆ ದಂಡೆಯಲ್ಲಿ ಮೇಯುವ ಎಮ್ಮೆಗಳು ತಲೆ ಎತ್ತುತ್ತವಂತೆ. ಇದು ನನ್ನ ಉತ್ಪ್ರೇಕ್ಷೆಯಲ್ಲ, ಅವನದೇ ಹೇಳಿಕೆ. ಎಷ್ಟು ಪುಟ್ಟಿ, ಎಷ್ಟು ತೂಕ, ಯಾರಿಗೆ ಎಷ್ಟಾಯಿತು ಎಂಬುದನ್ನೆಲ್ಲ ಪೆನ್ನು ಕಾಗದ ಮುಟ್ಟದೆ ಬಾಯಲ್ಲೇ ಲೆಕ್ಕ ಮಾಡಿ ಒಗೆಯುತ್ತಿದ್ದ. ಹೀಗಾಗಿ ಜಗತ್ತಿನಲ್ಲಿ ಲೆಕ್ಕ ಅನ್ನುವುದೆಲ್ಲ ತನ್ನ ಮನೆಯ ಹಿತ್ತಿಲೇ ಎಂದು ಅವನು ತಿಳಿದುಕೊಂಡಿದ್ದ.

ಅವನ ಒಬ್ಬಳೇ ಮಗಳು ವಿದ್ಯಾವತಿ ಆಗ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದಳು. ಮೆತ್ತಗಿನ ಹುಡುಗಿ, ಆದರೆ ಲೆಕ್ಕದ ವಿಷಯದಲ್ಲಿ ಬಹಳ ಹಟದವಳು. ಬಿ.ಎಸ್ಸಿ. ಮಾಡಿ, ಮುಂದೆ ಎಂ.ಎಸ್ಸಿ. ಮಾಡಿ, ತಾನೂ ಕಾಲೇಜಿನಲ್ಲಿ ಗಣಿತದ ಲೆಕ್ಚರರ್ ಆಗಬೇಕು ಎನ್ನುವುದು ಅವಳ ಆಸೆ. ಆ ಮನೆಯಲ್ಲಿ ದಿನಾ ಸಂಜೆ ಒಂದು ಪದ್ಧತಿ ಇತ್ತು. ಗುರುಶಾಂತ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂಡುವನು. ವಿದ್ಯಾ ಎದುರಿಗೆ ಕೂತು ಅವತ್ತು ಕಲಿತದ್ದನ್ನೆಲ್ಲ ಅವನಿಗೆ ಹೇಳುವಳು. ಅವನು ಪ್ರತಿಯೊಂದಕ್ಕೂ “ಯಾಕ?” ಅನ್ನುವನು.

“ಇದು ಬದಲಾಗದ ಸಂಖ್ಯಾ ಅಪ್ಪಾ. ಇದನ್ನ ಡಿಫರೆನ್ಸಿಯೇಟ್ ಮಾಡಿದ್ರ ಸೊನ್ನಿ ಬರ್ತದ.”

“ಯಾಕ ಸೊನ್ನಿ? ಅಷ್ಟ ದೊಡ್ಡ ಸಂಖ್ಯಾ ಇಟ್ಟು ಸೊನ್ನಿ ಬಂದ್ರ ನಾ ಒಪ್ಪೂದಿಲ್ಲ.”

ವಿದ್ಯಾ ಪೆನ್ಸಿಲ್ ಕಚ್ಚಿಕೊಂಡು ಯೋಚಿಸುವಳು. “ನಾವು ಕೇಳಾಕತ್ತಿದ್ದು ಅದು ಎಷ್ಟದ ಅಂತ ಅಲ್ಲಪ್ಪ. ಎಷ್ಟು ಜೋರ ಬದಲಾಗ್ತದ ಅಂತ. ನಿಂತಲ್ಲೇ ನಿಂತ ಬಸ್ಸಿನ ಸ್ಪೀಡ್ ಎಷ್ಟು?”

“ಸೊನ್ನಿ.”

“ಆಂ, ಹಂಗ!” ಎಂದು ಅವಳೇ ಮೊದಲು ಖುಷಿಯಾಗುವಳು. ಯಾಕೆಂದರೆ ಅಲ್ಲಿಯವರೆಗೆ ಅವಳಿಗೂ ಅದು ಪೂರ್ತಿ ತಿಳಿದಿರಲಿಲ್ಲ. ಗೋಡೆಯ ಈಚೆ ಕೂತ ನನಗೂ ಆವತ್ತೇ ತಿಳಿಯಿತು. ಮೊಬೈಲಿನಲ್ಲಿ ಪಾಠ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಕೂತು ಪಾಠ ಕೇಳುವವರು ಎಲ್ಲಿ ಸಿಗುತ್ತಾರೆ? ಗುರುಶಾಂತನಿಗೆ ಕ್ಯಾಲ್ಕುಲಸ್‌ನ ಒಂದು ಅಕ್ಷರ ಬರುತ್ತಿರಲಿಲ್ಲ. ಆದರೆ ಆ ಹುಡುಗಿ ಕ್ಲಾಸಿನ ಓಟಕ್ಕೆ ಸರಿಯಾಗಿ ಓಡುತ್ತಿದ್ದದ್ದು ಅವನ ಈ ದಡ್ಡ ಪ್ರಶ್ನೆಗಳಿಂದಲೇ. ಇದು ಅವಳಿಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ, ಅದೇ ತೊಂದರೆಯಾಯಿತು.

ಒಂದು ದಿನ ಚಹಾದಂಗಡಿಯಲ್ಲಿ ನಮ್ಮ ಓಣಿಯ ಮಲ್ಕಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಮಲ್ಕಪ್ಪ ಬಸ್ ಡ್ರೈವರ್ ಆಗಿ ನಿವೃತ್ತನಾದವನು. ಅವನ ಕೊನೆಯ ಮಗ ಅನೀಲಕುಮಾರ ವಿದ್ಯಾಳ ಕ್ಲಾಸಿನಲ್ಲೇ ಇದ್ದ.

“ಏನ್ ಹೇಳ್ಲಿ ಗುರುಶಾಂತ, ನಮ್ಮ ಅನೀಲಗ ಊಟ ಸೇರವಲ್ದು. ಅದೇನೋ ಕ್ಯಾಲ್ಕುಲಸ್ ಅಂತ ಶುರು ಮಾಡ್ಯಾರಂತ. ಆ ಸತೀಶಕುಮಾರ ಸರ್ ನಾನ್‌ಸ್ಟಾಪ್ ಗಾಡಿ ಹೊಡದಂಗ ಹೊಡೀತಾರಂತ. ಹತ್ತಾಕೂ ಬಿಡೂದಿಲ್ಲ, ಇಳ್ಯಾಕೂ ಬಿಡೂದಿಲ್ಲ.”

ಇಲ್ಲಿ ಗುರುಶಾಂತ ಚಹಾ ಕುಡಿದು ಸುಮ್ಮನೆ ಎದ್ದು ಬಂದಿದ್ದರೆ ಈ ಕಥೆಯೇ ಇಲ್ಲ. ಆದರೆ ಸುಮ್ಮನಿರುವುದು ಅವನ ಗಂಟಲಿಗೆ ಅಭ್ಯಾಸವಿರಲಿಲ್ಲ.

“ಅದರಾಗೇನದ ಮಲ್ಕಪ್ಪಣ್ಣ? ನಮ್ಮ ವಿದ್ಯಾಗ ದಿನಾ ಸಂಜೀಕ ನಾನೇ ಹೇಳಿಕೊಡ್ತೇನಿ” ಎಂದ.

ಚಹಾ ಸೋಸುತ್ತಿದ್ದವನ ಕೈ ನಿಂತಿತು. ಮಲ್ಕಪ್ಪ ತಲೆಯ ಮೇಲಿನ ಕೈ ತೆಗೆದ. “ನೀ? ಕ್ಯಾಲ್ಕುಲಸ್ಸಾ?”

“ಲೆಕ್ಕ ಅಂದ್ರ ಲೆಕ್ಕ ಅಣ್ಣ. ಬದನೀಕಾಯಿ ಆದ್ರೇನು, ಕ್ಯಾಲ್ಕುಲಸ್ ಆದ್ರೇನು?”

ಮರುದಿನ ಸಂಜೆ ಅವನ ಮನೆ ಮುಂದೆ ಅನೀಲಕುಮಾರನ ಚಪ್ಪಲಿ ಇದ್ದವು. ಅದರ ಮರುದಿನ ಅದೇ ಕ್ಲಾಸಿನ, ಹಿಂದಿನ ಓಣಿಯ ಜಮೀರನ ಚಪ್ಪಲಿಯೂ ಸೇರಿದವು. ವಿದ್ಯಾ ಅಪ್ಪನನ್ನು ಒಳಗೆ ಕರೆದು ಮೆಲ್ಲಗೆ ಕೇಳಿದಳು. “ಯಾಕ ಹಂಗ ಹೇಳ್ದಿ ಅಪ್ಪಾ?”

“ಸುಮ್ಮ ಬಾಯಿಗೆ ಬಂತವ್ವ. ಎರಡ ದಿನ ಬಂದು ತಾವೇ ಬ್ಯಾಸತ್ತು ಬಿಡ್ತಾರ.”

ಅವರು ಬಿಡಲಿಲ್ಲ. ಗುರುಶಾಂತನಾದರೂ ಏನು ಮಾಡಬೇಕು? ಎದೆ ಉಬ್ಬಿಸಿ ಕೂತು, “ಮೊದಲ ನೀವು ಏನ್ ತಿಳಕೊಂಡೀರಿ ಹೇಳ್ರಿ” ಅನ್ನುತ್ತಿದ್ದ. ಅನೀಲ ತಪ್ಪು ಹೇಳುವನು, ಜಮೀರ ತಿದ್ದುವನು, ಇಬ್ಬರೂ ಸಿಕ್ಕಿಬಿದ್ದಾಗ ನೀರು ಕೊಡುವ ನೆಪದಲ್ಲಿ ವಿದ್ಯಾ ಬಂದು ಒಂದು ಮಾತು ಹೇಳಿ ಹೋಗುವಳು. ಕೊನೆಗೆ ಗುರುಶಾಂತ “ಬರೋಬ್ಬರಿ” ಅನ್ನುವನು. ಹುಡುಗರು ಪಾಠ ಚೆನ್ನಾಗಾಯಿತೆಂದು ಮನೆಗೆ ಹೋಗುವರು. ಇದರಲ್ಲಿ ಒಂದೇ ಒಂದು ನಷ್ಟವಾಯಿತು. ಹೇಳಿಕೊಡುವವನು “ಯಾಕ?” ಎಂದು ಕೇಳಿದರೆ ಮರ್ಯಾದೆ ಉಳಿಯುವುದಿಲ್ಲವಲ್ಲ, ಹಾಗಾಗಿ ಅವನು ಆ ಪ್ರಶ್ನೆಯನ್ನೇ ಬಿಟ್ಟ. ಹುಡುಗರೆಲ್ಲ ಹೋದ ಮೇಲೆ ವಿದ್ಯಾ ಎದುರು ಕೂತಾಗಲೂ, “ಹೂಂ, ಬರೋಬ್ಬರಿ” ಎಂದು ಗಂಭೀರವಾಗಿ ತಲೆಯಾಡಿಸತೊಡಗಿದ.

ಸುದ್ದಿ ಕಾಲೇಜಿಗೆ ಮುಟ್ಟಿತು. ಹುಡುಗರು ಓದುತ್ತಿದ್ದ ಆ ಖಾಸಗಿ ಕಾಲೇಜಿನ ಗಣಿತದ ಸತೀಶಕುಮಾರ ಸರ್ ಒಳ್ಳೆಯ ಮನುಷ್ಯ, ಆದರೆ ಯಾವಾಗಲೂ ಬಸ್ಸು ತಪ್ಪುತ್ತದೆ ಅನ್ನುವವರಂತೆ ಇರುತ್ತಿದ್ದರು. ಬಲಗೈಯಿಂದ ಬೋರ್ಡಿನ ಮೇಲೆ ಬರೆಯುತ್ತ ಎಡಗೈಯಿಂದ ಒರೆಸುತ್ತ ಹೋಗುವವರು. ಅವರು ಅದೇ ಸಮಯಕ್ಕೆ ಕ್ಲಾಸನ್ನು ಎರಡು ಬ್ಯಾಚು ಮಾಡಿದರು. ಎಂಟ್ರನ್ಸ್ ಪರೀಕ್ಷೆಗೆಂದು ದಸರೆಯೊಳಗೆ ಇಡೀ ಕ್ಯಾಲ್ಕುಲಸ್ ಮುಗಿಸುವುದು ಜೋರು ಬ್ಯಾಚು. ಒಂದೊಂದೇ ಮೆಟ್ಟಿಲು ಹತ್ತಿಸುವುದು ನಿಧಾನದ ಬ್ಯಾಚು. ಯಾರನ್ನು ಎಲ್ಲಿ ಹಾಕಬೇಕೆಂದು ಯೋಚಿಸುವಾಗ, ಗುರುಶಾಂತಪ್ಪನವರ ಹತ್ತಿರ ಕಲಿಯುವವರಿಗೆ ಚಿಂತೆಯಿಲ್ಲ ಎಂದು ಮೂವರನ್ನೂ ಜೋರು ಬ್ಯಾಚಿಗೆ ಹಾಕಿದರು. ಮಲ್ಕಪ್ಪ ಓಣಿಗೆಲ್ಲ ಪೇಢೆ ಹಂಚಿದ. ನಾನೂ ಎರಡು ತಿಂದೆ.

ಪೇಢೆಯ ಸಿಹಿ ಬಾಯಲ್ಲಿರುವಾಗಲೇ ಜಮೀರ ತೊಂದರೆ ತಂದ. ಜಮೀರ ಪ್ರಶ್ನೆ ಕೇಳುವ ಜಾತಿಯ ಹುಡುಗ.

“ಕಾಕಾ, ಇಂಟಿಗ್ರೇಷನ್ ಮಾಡಿದ ಮ್ಯಾಲ ಕಡೀಕ ಒಂದು ಸಿ ಕೂಡಸ್ತಾರಲ್ಲ, ಅದು ಯಾಕ?”

ಗುರುಶಾಂತ ಒಳಬಾಗಿಲ ಕಡೆ ನೋಡಿದ. ವಿದ್ಯಾ ಅವತ್ತು ಗಿರಣಿಗೆ ಹೋಗಿದ್ದಳು. ಅವನಿಗೆ ಮಾರ್ಕೆಟ್ಟೇ ನೆನಪಾಯಿತು.

“ಅದು ಕೊಸರು” ಎಂದ. “ತೂಕ ಮುಗದ ಮ್ಯಾಲ ಮ್ಯಾಲಿಂದ ಒಂದು ಹಿಡಿ ಹಾಕೂದಿಲ್ಲೇನು? ಹಂಗ. ಹಾಕದಿದ್ರ ಗಿರಾಕಿ ಸಿಟ್ಟಾಗ್ತದ.”

ಅನೀಲಕುಮಾರ ಇದನ್ನು ಮುಂದಿನ ಟೆಸ್ಟಿನಲ್ಲಿ ಹಾಗೆಯೇ ಬರೆದ. ಸತೀಶಕುಮಾರ ಸರ್ ಅದನ್ನು ಓದಿ ಜೀವಮಾನದಲ್ಲಿ ಮೊದಲ ಸಲ ಬೋರ್ಡು ಒರೆಸುವುದನ್ನು ಮರೆತು ನಕ್ಕರಂತೆ. “ತಿಳಿದವರು ಮಾತ್ರ ಹಿಂಗ ಸಲೀಸಾಗಿ ಹೇಳ್ತಾರ” ಎಂದು ಮೆಚ್ಚಿಕೊಂಡರಂತೆ. ಹೀಗೆ ತಪ್ಪು ಉತ್ತರದಿಂದಲೂ ಗುರುಶಾಂತನ ಕೀರ್ತಿ ಬೆಳೆಯಿತು. ಆದರೆ ಜಮೀರ ಬಿಡುವವನಲ್ಲ. ಪುಸ್ತಕದಲ್ಲಿ ವಿದ್ಯಾಳೂ ಇನ್ನೂ ಓದಿರದ ಮುಂದಿನ ಹಾಳೆಗಳನ್ನು ನೋಡಿಕೊಂಡು ಬಂದಿದ್ದ.

“ಕಾಕಾ, ಮ್ಯಾಲೊಂದು ಕೆಳಗೊಂದು ನಂಬರ್ ಬರೆದ ಲೆಕ್ಕದಾಗ ಆ ಕೊಸರು ಇಲ್ಲೇ ಇಲ್ಲ. ಅದೆಲ್ಲಿ ಹೋಯ್ತು?”

ಪಡಸಾಲೆಯಲ್ಲಿ ಅವತ್ತು ಹುಡುಗರ ಜೊತೆ ಮಲ್ಕಪ್ಪನೂ ಕೂತಿದ್ದ, ಕಟ್ಟೆಯ ಮೇಲೆ ನಾನೂ ಇದ್ದೆ. ಎಲ್ಲರೂ ಗುರುಶಾಂತನ ಬಾಯಿ ನೋಡಿದೆವು. ಅವನ ಹಣೆಯ ಮೇಲಿನ ವಿಭೂತಿ ಬೆವರಿಗೆ ಒದ್ದೆಯಾಯಿತು. ಅಷ್ಟರಲ್ಲಿ ಮಠದ ಮೈಕು ಕೂಗಿತು. ನಾಳೆಯಿಂದ ಶ್ರಾವಣ, ಅನುಷ್ಠಾನಕ್ಕೆ ಕೂಡುವ ಭಕ್ತರು ಹೆಸರು ಕೊಡಬೇಕು ಎಂದಿತು.

“ಅದನ್ನ ನಾಳಿ ಹೇಳ್ತಿದ್ದೆ” ಎಂದ ಗುರುಶಾಂತ, ಬಹಳ ನಿಧಾನವಾಗಿ. “ಆದ್ರ ನಾಳಿಯಿಂದ ನಂದು ಮೌನ ಅದ.”

ನಮ್ಮ ಕಡೆ ಶ್ರಾವಣದಲ್ಲಿ ಮೌನಕ್ಕೆ ಕೂಡುವುದು ಹೊಸದೇನಲ್ಲ. ಸ್ವಾಮಿಗಳು ಕೂಡುತ್ತಾರೆ, ಹಿರಿಯರು ಕೂಡುತ್ತಾರೆ. ಸವಾಲು ಕೂಗುವವನು ಕೂತದ್ದು ಮಾತ್ರ ಅದೇ ಮೊದಲು. ಅವನ ಹೆಂಡತಿ ಸುಂದರಬಾಯಿ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು.

“ನೀವು ಮೌನಾ? ನಿದ್ದ್ಯಾಗೂ ಹೀರೀಕಾಯಿ ಸವಾಲ ಕೂಗವ್ರು ನೀವು!”

ಗುರುಶಾಂತ ಸಂದು ಬಿಡದಂತೆ ನಿಯಮ ಮಾಡಿಕೊಂಡ. ಮಾತಿಲ್ಲ. ಬರೆಯುವುದೂ ಇಲ್ಲ, ಬರೆಯುವುದಾದರೆ ಜಮೀರ ಸ್ಲೇಟು ತಂದು ಮುಂದಿಡುತ್ತಾನೆ. ಮೊಬೈಲ್ ಮೆಸೇಜೂ ಇಲ್ಲ. ಕೈಸನ್ನೆ ಮಾಡುವುದು ಹೊಟ್ಟೆಪಾಡಿನ ಕೆಲಸಕ್ಕೆ ಮಾತ್ರ, ಮಾರ್ಕೆಟ್ಟಿನ ಗೇಟು ದಾಟಿದ ಮೇಲೆ ಅದೂ ಬಂದ್. ಈ ನಿಯಮ ಕೇಳಿ ಸುಂದರಬಾಯಿ ಚೀಲ ತುಂಬಿಕೊಂಡಳು. “ಕಲ್ಲಿನ ಮುಂದ ಕೂತು ನಾ ಏನ್ ಮಾಡ್ಲಿ? ನಿಮ್ಮ ಬಾಯಿ ಬಂದ ಮ್ಯಾಲ ಹೇಳಿ ಕಳಸ್ರಿ” ಎಂದು ನರೋಣೆಯ ತಂಗಿಯ ಮನೆಗೆ ಬಸ್ಸು ಹತ್ತಿದಳು. ತಂಗಿಗೆ ಬಾಣಂತನವೂ ಇತ್ತು ಅನ್ನಿ.

ಮಾರ್ಕೆಟ್ಟಿನ ಕಥೆ ಕೇಳಬೇಡಿ. ಗುರುಶಾಂತ ಪುಟ್ಟಿಗಳ ಮುಂದೆ ನಿಂತು ಬೆರಳು ಎತ್ತುವನು, ಕೊಳ್ಳುವವರೂ ಬೆರಳು ಎತ್ತುವರು. ಎಲ್ಲರೂ ಮೂಕರಾಗಿ ಕೈ ಬೀಸುತ್ತಿದ್ದರೆ ನೊಣ ಹೊಡೆಯುತ್ತಿದ್ದಾರೋ ವ್ಯಾಪಾರ ಮಾಡುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಮನೆಗೆ ಒಂದು ಸಿವುಡು ಕೊತ್ತಂಬರಿ ಒಯ್ಯಲು ಬಂದ ಹೈಸ್ಕೂಲ್ ಮಾಸ್ತರರೊಬ್ಬರು ಗೆಳೆಯನನ್ನು ಕಂಡು ಕೈ ಎತ್ತಿ ನಮಸ್ಕಾರ ಮಾಡಿದ್ದೇ ತಡ, ಒಂದು ಟಂಟಂ ಗಾಡಿ ತುಂಬ ಚವಳಿಕಾಯಿ ಅವರ ಹೆಸರಿಗೆ ಬಿತ್ತು. ಹಾಸ್ಟೆಲ್ಲಿನ ಅಡುಗೆಯವನೊಬ್ಬ ಕಿವಿ ಕೆರೆದುಕೊಂಡ ತಪ್ಪಿಗೆ ಅಲ್ಲಿಯ ಹುಡುಗರು ವಾರವಿಡೀ ಬದನೆಕಾಯಿ ತಿಂದರು.

“ಲೇ ಗುರುಶಾಂತ, ನನ್ನ ಅಂಗಡಿ ಮಠ ಮಾಡಬೇಕಂತಿದೀಯೇನ್ಲೇ?” ಎಂದು ದೊಡ್ಡಪ್ಪ ಸಾಹುಕಾರರು ಚೀರಿದರು. ಮೌನಿ ಕಣ್ಣು ಮುಚ್ಚಿದ. ಅಷ್ಟರಲ್ಲಿ ಸಾಹುಕಾರರ ತಾಯಿಯೇ ಕೋಲೂರುತ್ತ ಬಂದು ಅವನಿಗೆ ಕೈ ಮುಗಿದರು. ಸಾಹುಕಾರರು ಸಿಟ್ಟು ನುಂಗಿಕೊಂಡು ತಾವೇ ಸವಾಲು ಕೂಗಲು ನಿಂತರು. ಅವರ ಗಂಟಲು ಎರಡೇ ದಿನಕ್ಕೆ ಬಿತ್ತು.

ಓಣಿಯಲ್ಲಂತೂ ಭಕ್ತಿ ಉಕ್ಕಿತು. ಮಲ್ಕಪ್ಪ ಗುರುಶಾಂತನ ಫೋಟೋ ತೆಗೆದು ‘ಗಣಿತ ತಪಸ್ವಿ’ ಎಂದು ಸ್ಟೇಟಸ್ಸಿಗೆ ಹಾಕಿದ. ಸಂಜೆಯಾದರೆ ಜನ ಬಾಳೆಹಣ್ಣು, ಊದಿನಕಡ್ಡಿ ಹಿಡಿದು ಪಡಸಾಲೆಗೆ ಬರತೊಡಗಿದರು. ಅನೀಲ ಮತ್ತು ಜಮೀರ ಲೆಕ್ಕ ಬಿಡಿಸಿ ಅವನ ಮುಂದೆ ಹಿಡಿಯುವರು. ಅವನು ಕಣ್ಣು ಮುಚ್ಚಿದರೆ ಉತ್ತರ ಸರಿ ಎಂದು ಅನೀಲನ ವಾದ, ಮುಚ್ಚಿದರೆ ತಪ್ಪು ಎಂದು ಜಮೀರನ ವಾದ. ಈ ತತ್ವದ ಮೇಲೆ ಇಬ್ಬರೂ ಜಗಳಾಡಿ ಮಾತು ಬಿಟ್ಟರು. ಅಲ್ಲಿಗೆ ಆ ಪಡಸಾಲೆಯಲ್ಲಿ ಮೂರು ಮೌನಗಳಾದವು.

ಈ ಗದ್ದಲದಲ್ಲಿ ವಿದ್ಯಾಳನ್ನು ಯಾರೂ ನೋಡಲಿಲ್ಲ. ನಾನು ನೋಡಿದೆ, ಗೋಡೆ ಅರ್ಧವೇ ಇತ್ತಲ್ಲ. ಜೋರು ಬ್ಯಾಚಿನಲ್ಲಿ ಸರ್ ಒಂದು ರೀತಿ ಹೇಳಿ, ಅದು ತಲೆಗೆ ಹತ್ತುವಷ್ಟರಲ್ಲಿ ಒರೆಸಿ, ಇನ್ನೊಂದು ರೀತಿಗೆ ಹೋಗಿರುತ್ತಿದ್ದರು. ಮನೆಗೆ ಬಂದು ಅದನ್ನು ಬಿಚ್ಚಿ ನೋಡೋಣವೆಂದರೆ “ಯಾಕ?” ಅನ್ನುವವನು ಇರಲಿಲ್ಲ. ಅವಳು ಆದರೂ ದಿನಾ ಸಂಜೆ, ಭಕ್ತರೆಲ್ಲ ಎದ್ದು ಹೋದ ಮೇಲೆ, ಅವನ ಎದುರು ಕೂತು ಹೇಳುತ್ತಿದ್ದಳು. ಅರ್ಧಕ್ಕೆ ನಿಲ್ಲುತ್ತಿದ್ದಳು. ಅಪ್ಪನ ಮುಖ ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಿರುತ್ತಿದ್ದ.

ಒಂದು ಸಂಜೆ ಅವಳು ಪುಸ್ತಕ ಬಿಚ್ಚಲಿಲ್ಲ.

“ಅಪ್ಪಾ, ನನಗ ಓಡಾಕ ಆಗವಲ್ದು. ಲೆಕ್ಕ ಬರೂದಿಲ್ಲ ಅಂತಲ್ಲ. ನಿಂತು ಕೇಳಿದ್ರ ಬರ್ತದ. ನಿಧಾನದ ಬ್ಯಾಚಿನಾಗ ಒಂದೇ ಒಂದು ಜಾಗ ಅದ ಅಂತ. ನಾ ಸರ್‌ಗ ಕೇಳ್ದೆ. ನಿಮ್ಮನೆಯಾಗ ಅಷ್ಟು ಹೇಳಿಕೊಡವ್ರು ಇದ್ದು ಯಾಕ ಅಂಜತಿ, ನಿಮ್ಮಪ್ಪ ಹೂಂ ಅಂದ್ರ ಹಾಕ್ತೇನಿ ಅಂದ್ರು. ಆದಿತ್ಯವಾರ ಅವ್ರೇ ಮನೀಗೆ ಬರ್ತಾರಂತ. ಒಂದು ಮಾತು ಹೇಳಪ್ಪ. ‘ನನಗ ಕ್ಯಾಲ್ಕುಲಸ್ ಬರೂದಿಲ್ಲ, ಮನಿಯಾಗ ಹೇಳವ್ರು ಯಾರೂ ಇಲ್ಲ, ಹಾಕ್ರಿ’ ಅಂತ. ಅಷ್ಟ ಸಾಕು.”

ಗುರುಶಾಂತ ಕಣ್ಣು ತೆರೆದು ಅವಳ ತಲೆಯ ಮೇಲೆ ಕೈ ಇಟ್ಟ. ವಿದ್ಯಾ ಅದನ್ನು ಹೂಂ ಎಂದೇ ತಿಳಿದಳು. ಅವನೂ ಹೂಂ ಎಂದೇ ಇಟ್ಟಿದ್ದ ಎಂದು ನಾನು ಈಗಲೂ ನಂಬುತ್ತೇನೆ.

ಆದಿತ್ಯವಾರ ಮಧ್ಯಾಹ್ನ ಸತೀಶಕುಮಾರ ಸರ್ ಬಂದರು. ದುರ್ದೈವಕ್ಕೆ ಅದೇ ಹೊತ್ತಿಗೆ ಓಣಿಯೂ ಬಂದಿತ್ತು. ಕಾಲೇಜಿನ ಸರ್ ಮೌನಿಗಳ ದರ್ಶನಕ್ಕೆ ಬರುತ್ತಾರೆ ಎಂದು ಮಲ್ಕಪ್ಪ ಸ್ಟೇಟಸ್ಸು ಹಾಕಿದ್ದ. ಪಡಸಾಲೆ ತುಂಬಿ, ಕಟ್ಟೆ ತುಂಬಿ, ಕೆಲವರು ನನ್ನ ಕಡೆಯಿಂದ ಅರ್ಧ ಗೋಡೆ ಹತ್ತಿ ಕೂತಿದ್ದರು.

ಸರ್ ಚಾಪೆಯ ಮೇಲೆ ಕೂತು ಕೈಗಡಿಯಾರ ನೋಡಿಕೊಂಡರು. “ಗುರುಶಾಂತಪ್ಪನವ್ರ, ನಿಮ್ಮ ವ್ರತ ಕೆಡಸಾಕ ಬಂದಿಲ್ಲರಿ. ಒಂದೇ ಮಾತು. ವಿದ್ಯಾ ನಿಧಾನದ ಬ್ಯಾಚಿಗೆ ಹೋಗ್ತೇನಿ ಅಂತಾಳ. ಹುಡುಗರು ಹೇಳಿದ್ದೆಲ್ಲಾ ಕೇಳಿದ್ರ ಎಲ್ಲರೂ ಅಲ್ಲೇ ಹೋಗ್ತಾರ, ಅದಕ್ಕ ನಿಮಗ ಕೇಳಾಕ ಬಂದೇನಿ. ನಿಮ್ಮಂಥವರ ಮಗಳಿಗೆ ಅದು ಬೇಕಾ? ಹಾಕಲಾ, ಬ್ಯಾಡಾ?”

“ಏನ್ ಮಾತಂತ ಆಡ್ತೀರಿ ಸರ್!” ಮಲ್ಕಪ್ಪ ನಡುವೆ ಬಂದ. “ಗಣಿತ ತಪಸ್ವಿಗಳ ಮಗಳು ನಿಧಾನದ ಬ್ಯಾಚಿಗೆ ಹೋದ್ರ ನಮ್ಮ ಓಣಿ ಮಾನ ಏನಾಗಬೇಕು?”

“ಹೌದ್ರಿ, ಹೌದ್ರಿ” ಎಂದಿತು ಓಣಿ. ನಾನು ಅನ್ನಲಿಲ್ಲ. ಆದರೆ ಬೇಡ ಎಂದೂ ಅನ್ನಲಿಲ್ಲ.

ಗುರುಶಾಂತನ ಬಾಯಿ ತೆರೆಯಿತು. ನಾನು ಕಣ್ಣಾರೆ ನೋಡಿದ್ದೇನೆ, ತುಟಿಗಳು ಬೇರೆಯಾದವು. ಗೋಡೆಯ ಮೇಲೆ ಕೂತ ಮುದುಕಿಯೊಬ್ಬಳು, “ಯವ್ವಾ, ವ್ರತ ಮುರೀತದ ನೋಡ್ರಿ!” ಎಂದು ಕೂಗಿದಳು. ಗುರುಶಾಂತ ಸುತ್ತ ನೋಡಿದ. ಬಾಳೆಹಣ್ಣು ತಂದವರು, ಫೋಟೋ ತೆಗೆಯಲು ಮೊಬೈಲು ಎತ್ತಿದವರು, ಅವನ ಕಾಲಿಗೆ ಬಿದ್ದು ಎದ್ದವರು, ಎಲ್ಲರೂ ಅಲ್ಲಿದ್ದರು. ಹೇಳಬೇಕಾದದ್ದು ‘ಹಾಕ್ರಿ’ ಎಂದಷ್ಟೇ ಅಲ್ಲವಲ್ಲ. ಯಾಕೆ ಹಾಕಬೇಕು ಅನ್ನುವುದನ್ನೂ ಹೇಳಬೇಕಿತ್ತು. ನನಗೆ ಬರುವುದಿಲ್ಲ ಎನ್ನುವ ಮಾತು ಆ ಜನರ ಮುಂದೆ ಅವನ ಗಂಟಲಲ್ಲೇ ಉಳಿಯಿತು. ಭೀಮೆಯ ಆಚೆಗೆ ಕೇಳುವ ಗಂಟಲು ಅದು, ಎದುರಿನ ಚಾಪೆಯವರೆಗೂ ಬರಲಿಲ್ಲ.

ಅವನು ಬಾಯಿ ಮುಚ್ಚಿ ಎರಡೂ ಕೈ ಜೋಡಿಸಿದ.

ಸರ್ ಅದನ್ನು ತಮಗೆ ತಿಳಿದಂತೆ ತಿಳಿದುಕೊಂಡರು. “ಆಯ್ತು, ನಿಮ್ಮ ಭರೋಸೆ ಇರುವಾಗ ನಾ ಯಾಕ ಬ್ಯಾಡ ಅನ್ಲಿ? ಜೋರು ಬ್ಯಾಚಿನಾಗೇ ಇರ್ಲಿ” ಎಂದು ತಾವೂ ಕೈ ಮುಗಿದು ಎದ್ದರು. ಜನ ಜೈಕಾರ ಹಾಕಿದರು.

ವಿದ್ಯಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳು ಅಲ್ಲಿಂದಲೇ, “ಸರ್, ನಮ್ಮಪ್ಪಗ ಕ್ಯಾಲ್ಕುಲಸ್ ಬರೂದಿಲ್ಲ, ಇದೆಲ್ಲಾ ಸುಳ್ಳು” ಎಂದು ಹೇಳಬಹುದಿತ್ತು. ಹೇಳಿದ್ದರೆ ಕೆಲಸ ಆಗುತ್ತಿತ್ತು. ಅವಳು ಸರ್‌ಗೆ ಚಹಾ ಬೇಕೇ ಎಂದು ಕೇಳಿದಳು. ಅಷ್ಟು ಜನರ ಮುಂದೆ ಆ ಹುಡುಗಿ ಅಪ್ಪನ ಮಾನ ಕಾಯ್ದಳು.

ಶ್ರಾವಣ ಮುಗಿಯಿತು. ಓಣಿಯವರೆಲ್ಲ ಸೇರಿ ಮೌನಿಗೆ ಶಾಲು ಹೊದಿಸಿ, ಹಾರ ಹಾಕಿ, ಮೊದಲ ಮಾತು ಆಡಲಿ ಎಂದು ಕೈಗೆ ಮೈಕು ಕೊಟ್ಟರು. ಗುರುಶಾಂತ “ಶರಣು” ಎಂದಷ್ಟೇ ಅಂದು, ಮೈಕು ಮಲ್ಕಪ್ಪನ ಕೈಗಿಟ್ಟು, ಶಾಲು ಹಾರದ ಸಮೇತ ಕಾಲೇಜಿನ ಕಡೆ ಓಡಿದ. ನಾನು ಹಿಂದೆ ಓಡಿದೆ. ಸ್ಟಾಫ್ ರೂಮಿನಲ್ಲಿ ಸರ್ ಮುಂದೆ ನಿಂತು ಅವನು ಒಂದು ತಿಂಗಳ ಮಾತನ್ನು ಒಟ್ಟಿಗೆ ಸುರಿದ. ನಿಧಾನದ ಬ್ಯಾಚಿಗೆ ಹಾಕ್ರಿ ಸರ್, ತಪ್ಪಾಯ್ತು ಸರ್, ಬೆಂಚು ಇಲ್ಲದಿದ್ದರೆ ನಾನೇ ತಲೆಯ ಮೇಲೆ ಹೊತ್ತು ತಂದು ಹಾಕುತ್ತೇನೆ ಸರ್ ಎಂದ.

“ಬೆಂಚಿಗಿಂತ ರೂಮಿನಾಗ ಜಾಗ ಬೇಕಲ್ಲರಿ” ಎಂದರು ಸರ್. “ಇದ್ದದ್ದು ಒಂದು ಜಾಗ. ನಾ ನಿಮ್ಮಲ್ಲಿಗೆ ಬಂದ ಮರುದಿನವೇ ಮಲ್ಕಪ್ಪನವ್ರು ಬಂದು ಅನೀಲನ್ನ ಅಲ್ಲಿಗೆ ಹಾಕಿಸಿದ್ರು.”

ಗುರುಶಾಂತ ಹಾರ ಕಿತ್ತೊಗೆದು ಓಣಿಗೆ ಬಂದ. ಮಲ್ಕಪ್ಪ ಇನ್ನೂ ಮೈಕು ಹಿಡಿದುಕೊಂಡೇ ಕೂತಿದ್ದ. “ಓಣಿ ಮಾನ ಓಣಿ ಮಾನ ಅಂತ ಚೀರಿ, ನಿನ್ನ ಮಗನ್ನ ಸೇರಿಸಿದೇನು ಮಲ್ಕಪ್ಪಣ್ಣ?”

ಮಲ್ಕಪ್ಪನಿಗೆ ಒಂದಿಷ್ಟೂ ಸಂಕೋಚವಾಗಲಿಲ್ಲ. “ನೀ ಬ್ಯಾಡ ಅಂದಿ. ಸೀಟು ಖಾಲಿ ಇತ್ತು, ಕೂತ. ಬಸ್ಸಿನಾಗ ಹಂಗೇ ಅಲ್ಲೇನು?”

ಅವತ್ತಿನ ಸಂಜೆಯಿಂದ ಗುರುಶಾಂತ ಮತ್ತೆ ಕಾಲು ಚಾಚಿ ಕೂತ. ಹುಡುಗರನ್ನು ಬರಬೇಡಿ ಎಂದು ಕಳಿಸಿದ. ಸುಂದರಬಾಯಿ ನರೋಣೆಯಿಂದ ತಿರುಗಿ ಬಂದು, ವಿಷಯ ತಿಳಿದು, ಈ ಸಲ ತಾನೇ ಅವನ ಜೊತೆ ಮಾತು ಬಿಟ್ಟಳು. ವಿದ್ಯಾ ಪುಸ್ತಕ ತಂದು ಎದುರು ಕೂಡುತ್ತಿದ್ದಳು, ಅಪ್ಪನಿಗೆ ಇಲ್ಲ ಅನ್ನಬಾರದು ಎಂದು. “ಯಾಕ?” ಎಂದು ಅವನು ಆಸೆಯಿಂದ ಕೇಳುವನು.

“ಗೊತ್ತಿಲ್ಲಪ್ಪ. ಬಾಯಿಪಾಠ ಮಾಡೇನಿ.”

“ಮತ್ತ ಇದು ಯಾಕ?”

“ಅದೂ ಬಾಯಿಪಾಠ.”

ಸ್ವಲ್ಪ ದಿನಕ್ಕೆ ಅವನು ಕೇಳುವುದನ್ನು ಬಿಟ್ಟ, ಅವಳು ಪುಸ್ತಕ ತರುವುದನ್ನು ಬಿಟ್ಟಳು. ರಿಜಲ್ಟ್ ಬಂದಾಗ ಅನೀಲಕುಮಾರ ಫಸ್ಟ್ ಕ್ಲಾಸಿನಲ್ಲಿ ಪಾಸಾದ. ಜಮೀರ ಪ್ರಶ್ನೆ ಕೇಳಿ ಕೇಳಿಯೇ ಅವನಿಗಿಂತ ಮುಂದೆ ಹೋದ. ವಿದ್ಯಾ ಗಣಿತದಲ್ಲಿ ಹೇಗೋ ದಡ ಮುಟ್ಟಿದಳು. ಊರಿನ ಡಿಗ್ರಿ ಕಾಲೇಜಿನಲ್ಲಿ ಬಿ.ಎ. ಸೇರಿದಳು. ಬಿ.ಎ. ಏನೂ ಕೆಟ್ಟದ್ದಲ್ಲ, ನಾನೂ ಬಿ.ಎ.ಯೇ. ಆದರೆ ಅದು ಅವಳು ಬೇಡಿದ್ದಲ್ಲ.

ಮೊನ್ನೆ ಜೂನಿನಲ್ಲಿ ಮೇಲಿನ ಓಣಿಯ ಬಾಳಮ್ಮ ಅನ್ನುವ ಮುದುಕಿ ಗುರುಶಾಂತನನ್ನು ಹುಡುಕಿಕೊಂಡು ಬಂದಳು. ಮೊಮ್ಮಗಳು ಸೈನ್ಸ್ ಸೇರಿದ್ದಾಳೆ, ಕ್ಯಾಲ್ಕುಲಸ್ ಅಂದರೆ ಅಳುತ್ತಾಳೆ, ಗಣಿತ ತಪಸ್ವಿಗಳು ದಾರಿ ತೋರಿಸಬೇಕು ಎಂದಳು. ನಾನು ಕಟ್ಟೆಯ ಮೇಲೆ ಕೂತಿದ್ದೆ.

ಗುರುಶಾಂತ ಎದ್ದು ನಿಂತು ಮಾರ್ಕೆಟ್ಟಿನಲ್ಲಿ ಕೂಗುವ ಗಂಟಲಲ್ಲೇ ಹೇಳಿದ. “ನನಗ ಬರೂದಿಲ್ಲವ್ವ. ಒಂದು ಅಕ್ಷರನೂ ಬರೂದಿಲ್ಲ. ಎಂದೂ ಬರ್ತಿರಲಿಲ್ಲ. ಆ ಹುಡುಗೀನ್ನ ನಿಧಾನ ಹೇಳವ್ರ ಹತ್ರ ಹಾಕ್ರಿ.”

ಓಣಿಯ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ಬಾಳಮ್ಮ ಬೊಚ್ಚುಬಾಯಿ ತೆರೆದು ನಕ್ಕು ಕೈ ಮುಗಿದಳು. “ನೋಡ್ರಿ, ದೊಡ್ಡವ್ರು ಹಿಂಗೇ ಅಂತಾರ. ತುಂಬಿದವ್ರಿಗೆ ಸೊಕ್ಕು ಇರೂದಿಲ್ಲ.”

ಬಾಗಿಲುಗಳೆಲ್ಲ ಹೌದ್ಹೌದು ಎಂದವು.

ವಿದ್ಯಾ ಒಳಗಿನಿಂದ ಮುದುಕಿಗೆ ನೀರು ತಂದಳು. ಲೋಟ ಕೈಗೆ ಕೊಟ್ಟು, ಚೂಡಿದಾರದ ತುದಿಗೆ ಕೈ ಒರೆಸಿಕೊಳ್ಳುತ್ತ ಅಪ್ಪನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಇಷ್ಟೇ ಮಾತು ಆವತ್ತ ಸರ್ ಮುಂದ ಅಂದಿದ್ರ ಆಗ್ತಿತ್ತಲ್ಲಪ್ಪ.”

ಗುರುಶಾಂತ ಬಾಯಿ ತೆರೆದ. ಆಗ ಶ್ರಾವಣವೂ ಅಲ್ಲ, ವ್ರತವೂ ಇರಲಿಲ್ಲ. ಆದರೂ ಮಾತು ಬರಲಿಲ್ಲ. ವಿದ್ಯಾ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.